ಆಪಾ ಅವರ ಕೈಗೆ ಒಗ್ಗದ ಚರ್ಮ

ಹುಬ್ಬಳ್ಳಿಯ ಸಗಟು ಅಂಗಡಿಯಲ್ಲಿ ಹಾಸಿದ್ದ ಎಮ್ಮೆಯ ಚರ್ಮದ ಮೇಲೆ ಆಪಾ ಹೆಬ್ಬೆರಳಿನ ಉಗುರಿನಿಂದ ಉದ್ದಕ್ಕೆ ಒಂದು ಗೀರು ಎಳೆದರು. ಕಂದು ಬಣ್ಣದ ಮೇಲೆ ಬಿಳಿಚಿಕೊಂಡ ಗೆರೆಯೊಂದು ಮೂಡಿತು. ಅದೇ ಹೆಬ್ಬೆರಳಿನಿಂದ ಬಿಸಿಯಾಗುವಂತೆ ತಿಕ್ಕಿದರು. ಗೆರೆ ಕರಗಿಹೋಯಿತು.

"ಇದ ಬೇಕ್ರಿ ಅಕ್ಕೋರ," ಎಂದರು. "ಹೊಸಬರು ಎಷ್ಟ ತಪ್ಪ ಮಾಡಿದ್ರೂ ಇದು ಹೊಟ್ಟ್ಯಾಗ ಹಾಕ್ಕೊಳ್ತೈತಿ."

ಆ ದಿನ ನಾವು ಬಹಳ ಖುಷಿಯಾಗಿದ್ದೆವು.

ನಾವಿಬ್ಬರೂ ಬೈಲಹೊಂಗಲದಲ್ಲಿ ಚರ್ಮದ ಸಣ್ಣ ವಸ್ತುಗಳನ್ನು ಕೈಯಿಂದ ಹೊಲಿಯುತ್ತಿದ್ದೆವು. ದೊಡವಾಡದ ಆಪಾ ಮೊದಲು ನನ್ನ ಬಟ್ಟೆ ಹೊಲಿಗೆಯ ತರಗತಿಗೆ ಬಂದವರು. ಬಟ್ಟೆಯಿಂದ ಚರ್ಮಕ್ಕೆ ಇಬ್ಬರೂ ಕೂಡಿಯೇ ಹೊರಳಿದೆವು. ನನಗಿಂತ ಹಿರಿಯರು, ಹಾಗಾಗಿ ನನಗವರು ಆಪಾ, ಅಂದರೆ ಅಕ್ಕ. ತರಗತಿಯ ರೂಢಿ ಬಿಡಲಾಗದೆ ಅವರು ನನ್ನನ್ನು ಟೀಚರಮ್ಮನಿಗೆ ಹೇಳುವಂತೆ ಅಕ್ಕೋರ ಎಂದೇ ಕರೆಯುತ್ತಿದ್ದರು. ನಮ್ಮ ಮಾವನವರು ಪೌರೋಹಿತ್ಯ ಮಾಡಿಕೊಂಡು ಬಂದವರು. ಚರ್ಮ ಮನೆಯೊಳಗೆ ಬೇಡ ಎಂದು ಅತ್ತೆ ಒಂದೇ ಮಾತಿನಲ್ಲಿ ಹೇಳಿದ್ದರಿಂದ ಪೇಟೆಯ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದಿದ್ದೆವು. ಅಲ್ಲಿ ಮಾಡಿದ ಕೀಲಿಚೀಲ, ಕನ್ನಡಕದ ಚೀಲಗಳನ್ನು ಕಿತ್ತೂರ ಕೋಟೆಯ ಹತ್ತಿರದ ಅಂಗಡಿಯೊಂದು ಮಾರಾಟಕ್ಕೆ ಇಟ್ಟುಕೊಳ್ಳುತ್ತಿತ್ತು. ಆ ಸಲ ರಾಮದುರ್ಗದ ಒಂದು ಮಹಿಳಾ ಸಂಘದವರು ತಮ್ಮ ಹೆಣ್ಣುಮಕ್ಕಳಿಗೂ ಈ ಕೆಲಸ ಕಲಿಸಿಕೊಡಿ ಎಂದು ಕೇಳಿದ್ದರು. ಎಂದೂ ಚರ್ಮ ಮುಟ್ಟದವರ ಕೈಗೆ ಮೊದಲು ಯಾವ ಚರ್ಮ ಕೊಡಬೇಕು? ಅದನ್ನು ನೋಡಲೆಂದೇ ಹುಬ್ಬಳ್ಳಿಗೆ ಬಂದಿದ್ದೆವು.

ಎಣ್ಣೆ ಚರ್ಮ ಎಂದು ವ್ಯಾಪಾರಿಗಳು ಕರೆಯುವುದು ಹದ ಮಾಡಿದ ಮೇಲೆ ಎಣ್ಣೆ, ಮೇಣ ಊಡಿಸಿದ ಚರ್ಮವನ್ನು. ಮಡಚಿದ ಕಡೆ ಬಣ್ಣ ತಿಳಿಯಾಗುತ್ತದೆ, ಬಿಟ್ಟರೆ ಮತ್ತೆ ಕೂಡಿಕೊಳ್ಳುತ್ತದೆ. ಬಣ್ಣ ಹಚ್ಚುವುದು, ಹೊಳಪು ಕೊಡುವುದು ಯಾವುದೂ ಬೇಡ. ಮೆತ್ತಗಿರುವುದರಿಂದ ಹೊಸಬರ ಸೂಜಿಯೂ ತಡೆಯಿಲ್ಲದೆ ಇಳಿಯುತ್ತದೆ. ಆಪಾ ಒಂದು ಬಿಳಿ ಕರವಸ್ತ್ರವನ್ನು ಚರ್ಮದ ಮೇಲಿಟ್ಟು ಅಂಗೈಯಿಂದ ಒತ್ತಿ ತೆಗೆದರು. ಎಣ್ಣೆ ಇಳಿದ ಹಾಳೆಗಳನ್ನು ಬದಿಗೆ ಸರಿಸಿದರು, ಅಂಥದರಲ್ಲಿ ಚೀಲ ಮಾಡಿದರೆ ಸೀರೆಗೆ ಕಲೆಯಾಗುತ್ತದೆ. ಹೊಟ್ಟೆಯ ಭಾಗವನ್ನು ಎರಡೂ ಕೈಯಲ್ಲಿ ಜಗ್ಗಿ, ಹಿಗ್ಗಿದ್ದು ಕಂಡು ಬೇಡ ಎಂದು ತಲೆಯಾಡಿಸಿದರು. ಬೆನ್ನಿನ ಭಾಗದ, ತೀರ ದಪ್ಪವೂ ಅಲ್ಲದ ತೆಳುವೂ ಅಲ್ಲದ ಹಾಳೆಗಳನ್ನು ಆರಿಸಿ ಸುರುಳಿ ಸುತ್ತಿಸಿ ಹಗ್ಗ ಕಟ್ಟಿಸಿದರು.

ಕೋಣೆಗೆ ಬಂದ ಮೇಲೆ ಕಲಿಸುವ ಕ್ರಮವನ್ನು ನಾವೇ ಮೊದಲು ಮಾಡಿ ನೋಡಿದೆವು. ಮೊದಲ ತೊಡಕು ಅಂಟಿನದು. ಹೊಲಿಗೆಗೆ ಮುಂಚೆ ಎರಡು ಅಂಚುಗಳನ್ನು ಸಲೂಷನ್ ಹಚ್ಚಿ ಕೂಡಿಸಬೇಕು. ಎಣ್ಣೆ ಕುಡಿದ ಚರ್ಮಕ್ಕೆ ಅದು ಹಿಡಿಯಲೇ ಇಲ್ಲ. ಮಧ್ಯಾಹ್ನ ಹಚ್ಚಿದ್ದು ಸಂಜೆಗೆ ಬಾಯಿ ಬಿಟ್ಟಿತ್ತು. ಮರಳು ಕಾಗದದಿಂದ ತಿಕ್ಕಿ ನೋಡಿದೆವು, ಕಾಗದವೇ ಎಣ್ಣೆಯಿಂದ ಜಿಡ್ಡುಗಟ್ಟಿತು. ಕೊನೆಗೆ ಆಪಾ ರಂಪಿಗೆ ತೆಗೆದುಕೊಂಡರು. ಅದು ಚರ್ಮ ಕೊಯ್ಯುವ ಅಗಲ ಬಾಯಿಯ ಕತ್ತಿ. ಅದನ್ನು ಮಲಗಿಸಿ ಹಿಡಿದು, ಅಂಟು ಬೀಳುವ ಕಿರುಬೆರಳ ಅಗಲದ ಪಟ್ಟಿಯಲ್ಲಷ್ಟೇ ಮೇಲಿನ ಪದರ ಎಬ್ಬಿಸಿದರು. ಸಲೂಷನ್ ಹಿಡಿಯಿತು. ಇನ್ನೊಂದು ತೊಡಕು ಅಂಚಿನದು. ನೀರು ಹಚ್ಚಿ ತಿಕ್ಕಿದರೆ ನುಣುಪಾಗುವ ಜಾತಿ ಇದಲ್ಲ. ಮೇಣ ಸವರಿ ದಪ್ಪ ಬಟ್ಟೆಯಿಂದ ತಿಕ್ಕಿ ಒಂದು ಮಟ್ಟಕ್ಕೆ ತಂದೆವು.

ಹೊಲಿಗೆಯಲ್ಲಿ ಮಾತ್ರ ಅವರಿಗೆ ತೊಡಕೆಂಬುದೇ ಇರಲಿಲ್ಲ. ಒಂದೇ ದಾರದ ಎರಡು ತುದಿಗೆ ಎರಡು ಸೂಜಿ ಪೋಣಿಸಿ, ಒಂದೇ ತೂತಿನಲ್ಲಿ ಎದುರುಬದುರು ಹಾಯಿಸಿ ಎಳೆಯುವ ಹೊಲಿಗೆ ನಮ್ಮದು. ನಾನು ಎಳೆಯುವಾಗ ಬಲಗೈ ಸ್ವಲ್ಪ ಹೆಚ್ಚು ಜಗ್ಗುತ್ತದೆ, ಸಾಲು ಓರೆಯಾಗುತ್ತದೆ. ಆಪಾ ಅವರ ಎರಡೂ ಕೈ ಒಂದೇ ತೂಕದಲ್ಲಿ ಎಳೆಯುತ್ತಿದ್ದವು. ಮುಂಬದಿ ಯಾವುದು ಹಿಂಬದಿ ಯಾವುದು ಎಂದು ಗುರುತಿಸಲು ಆಗುತ್ತಿರಲಿಲ್ಲ. ಹೊಲದ ಕೂಲಿ, ಗಾರೆ ಕೆಲಸ, ಬೇರೆಯವರ ಮನೆಯ ಮದುವೆಗೆ ರೊಟ್ಟಿ ಬಡಿಯುವುದು, ಹೀಗೆ ಬದುಕಿನುದ್ದಕ್ಕೂ ಸಿಕ್ಕಿದ್ದನ್ನು ಮಾಡಿದವರು. ಒಮ್ಮೆ ಸೂಜಿ ಕೆಳಗಿಟ್ಟು, "ನಾ ಏನರೆ ಛಲೋ ಮಾಡ್ತೇನಿ ಅಂತ ನನಗ ಗೊತ್ತ ಇರಲಿಲ್ರಿ," ಎಂದಿದ್ದರು.

ಮೊದಲು ಆಪಾ ಅವರ ಬೆರಳ ಸಂದಿಯಲ್ಲಿ ಸಣ್ಣ ಗುಳ್ಳೆ ಎದ್ದವು. ತುರಿಸಿಕೊಳ್ಳುತ್ತ, ಪಾತ್ರೆ ತಿಕ್ಕುವ ಪುಡಿ ಬದಲಾಗಿದೆ, ಅದಕ್ಕಿರಬೇಕು ಎಂದರು. ಗುಳ್ಳೆ ಒಡೆದು ಚರ್ಮ ಒಣಗಿತು, ಒಣಗಿದ್ದು ಸೀಳಿತು. ಬೈಲಹೊಂಗಲದ ಡಾಕ್ಟರು ಮುಲಾಮು ಕೊಟ್ಟರು. ರಮಜಾನ್ ಹಬ್ಬಕ್ಕೆ ಮನೆಯಲ್ಲಿ ಉಳಿದಾಗ ಕೈ ಪೂರ್ತಿ ವಾಸಿಯಾಯಿತು. ತಿರುಗಿ ಕೋಣೆಗೆ ಬಂದು ಎರಡು ದಿನ ಕೆಲಸ ಮಾಡಿದ್ದೇ ತಡ, ಮೊದಲಿಗಿಂತ ಜೋರಾಗಿ ಎದ್ದಿತು. ಅಲ್ಲಿಗೆ, ಕಾರಣ ನಮ್ಮ ಕೋಣೆಯಲ್ಲೇ ಇದೆ ಎಂಬುದು ಇಬ್ಬರಿಗೂ ತಿಳಿಯಿತು.

ಒಂದೊಂದನ್ನೇ ಬಿಟ್ಟು ನೋಡುವುದೆಂದು ಮಾಡಿದೆವು. ಮೊದಲು ಸಲೂಷನ್ ಬಿಟ್ಟರು, ಅಂಟಿಸುವುದೆಲ್ಲ ನಾನು ಮಾಡಿದೆ. ಕಡಿಮೆಯಾಗಲಿಲ್ಲ. ಮೇಣ ಹಚ್ಚಿದ ದಾರ ಬಿಟ್ಟು ಬರೀ ನೂಲಿನ ದಾರ ಹಿಡಿದರು. ಆಗಲೂ ಇಲ್ಲ. ಹಿತ್ತಾಳೆ ಗುಂಡಿ, ಬಕಲುಗಳನ್ನು ನಾನು ಹಾಕತೊಡಗಿದೆ. ಕಡೆಗೆ ಉಳಿದದ್ದು ಚರ್ಮ. ಹತ್ತಿ ಕೈಗವಸು ಹಾಕಿಕೊಂಡು ಒಂದು ದಿನ ಹೊಲಿದರು. ಸಾಲು ಡೊಂಕಾಯಿತು. ಸಿಟ್ಟಿನಿಂದ ಕಿತ್ತು ಬಿಸಾಡಿ, "ಕಣ್ಣ ಕಟ್ಟಿ ಅಡಗಿ ಮಾಡಂದಂಗ ಆತಿದು," ಎಂದರು.

ಧಾರವಾಡದ ಚರ್ಮವೈದ್ಯರ ಬಳಿ ಕರೆದೊಯ್ದೆ. ಕೋಣೆಯ ಪ್ರತಿಯೊಂದು ವಸ್ತುವಿನ ತುಣುಕನ್ನೂ ಬೇರೆ ಬೇರೆ ಪೊಟ್ಟಣದಲ್ಲಿ ಕಟ್ಟಿಕೊಂಡು ಹೋಗಿದ್ದೆ. ಡಾಕ್ಟರಮ್ಮ ಆಪಾ ಅವರ ಬೆನ್ನಿಗೆ ಸಾಲಾಗಿ ಪಟ್ಟಿಗಳನ್ನು ಅಂಟಿಸಿ, ನೀರು ತಾಗಿಸಬೇಡಿ, ಎರಡು ದಿನ ಬಿಟ್ಟು ಬನ್ನಿ ಎಂದರು. ಪಟ್ಟಿ ಕಿತ್ತಾಗ ಒಂದು ಕಡೆ ಬೆನ್ನು ಕೆಂಪಗೆ ಉಬ್ಬಿತ್ತು.

"ಕ್ರೋಮಿಯಂ," ಎಂದರು ಡಾಕ್ಟರಮ್ಮ. "ಈಗಿನ ಹೆಚ್ಚಿನ ಚರ್ಮವನ್ನು ಅದರ ಉಪ್ಪಿನಲ್ಲೇ ಹದ ಮಾಡ್ತಾರೆ. ನೀವು ತಂದಿರೋದೂ ಅದೇ ಇರಬೇಕು. ಎಣ್ಣೆ ಮೇಲೆ ಊಡಿಸಿರ್ತಾರೆ ಅಷ್ಟೇ. ಅಮ್ಮಾ, ನೀವು ಸಿಮೆಂಟ್ ಕೆಲಸ ಮಾಡಿದ್ದೀರಾ?"

"ಮನಿ ಕಟ್ಟೂ ಮುಂದ ನಾನ ಕಲಿಸಿ ಗಿಲಾವ ಮಾಡೇನ್ರಿ. ಬರೇ ಕೈಲೆ. ಆಗೂ ಹಿಂಗ ತುರಿಸ್ತಿತ್ತು."

"ಅದರಲ್ಲೂ ಇದೇ ಇರುತ್ತೆ. ಮೈಗೆ ಆಗಿನಿಂದಲೇ ಇದರ ಗುರುತು ಸಿಕ್ಕಿದೆ. ಒಮ್ಮೆ ಸಿಕ್ಕರೆ ಮರೆಯೋದಿಲ್ಲ. ಮುಟ್ಟಿದಷ್ಟೂ ಹೆಚ್ಚಾಗುತ್ತೆ."

ತಮ್ಮ ಸ್ವಂತ ಮನೆಯ ಗೋಡೆಗೆ ಕೈಯಾರೆ ಗಾರೆ ಮೆತ್ತಿದ್ದನ್ನು ಆಪಾ ನನ್ನ ಹತ್ತಿರ ಎಷ್ಟೋ ಸಲ ಹೆಮ್ಮೆಯಿಂದ ಹೇಳಿದ್ದರು. ಅವರೇ ಕೇಳಿದರು, "ಆ ಉಪ್ಪ ಇಲ್ಲದ ಚರ್ಮ ಸಿಗಂಗಿಲ್ಲೇನ್ರಿ?" ತೊಗಟೆ, ಕಾಯಿಗಳ ಕಷಾಯದಲ್ಲಿ ಹದ ಮಾಡಿದ್ದು ಸಿಕ್ಕರೆ ಪ್ರಯತ್ನಿಸಿ, ಭರವಸೆ ಕೊಡಲಾರೆ ಎಂದರು ಡಾಕ್ಟರಮ್ಮ. ಆ ಮಾತಿನ ಕೊನೆಯ ಭಾಗ ನಮ್ಮಿಬ್ಬರ ಕಿವಿಗೂ ಬೀಳಲಿಲ್ಲ.

ತಿರುಗಿ ಹುಬ್ಬಳ್ಳಿ. ತಂಗಡಿ ತೊಗಟೆ ಮತ್ತು ಅಳಲೆಕಾಯಿಯಲ್ಲಿ ಹದ ಮಾಡಿದ ಚರ್ಮ ಅಂಗಡಿಯ ಮೂಲೆಯಲ್ಲಿ ಸ್ವಲ್ಪವೇ ಇತ್ತು. ಅಂಚು ಕೊಯ್ದು ನೋಡಿದೆವು. ಮೇಲಿಂದ ಕೆಳಗಿನವರೆಗೆ ಒಂದೇ ಕಂದು, ಕ್ರೋಮಿಯಂನಲ್ಲಿ ಹದ ಮಾಡಿದ್ದರ ನಡುವೆ ಕಾಣುವ ನೀಲಿಬೂದು ಗೆರೆಯಿರಲಿಲ್ಲ. ಆದರೆ ಅದಕ್ಕೆ ಎಣ್ಣೆ ಊಡಿಸಿರಲಿಲ್ಲ. ಬಿರುಸಾಗಿತ್ತು, ಉಗುರು ತಾಗಿದರೂ ಗೀರು ಉಳಿಯುತ್ತಿತ್ತು. ಹೊಸಬರ ಕೈಗೆ ಅದು ಕಷ್ಟ.

"ಎಣ್ಣಿ ನಾವ ಹಾಕೂಣು," ಎಂದರು ಆಪಾ.

ಔಡಲೆಣ್ಣೆಯಲ್ಲಿ ಜೇನುಮೇಣ ಕರಗಿಸಿದೆವು. ಮೊದಲ ಹಾಳೆ ಕೆಟ್ಟಿತು. ಎಣ್ಣೆ ಹೆಚ್ಚಾಗಿ, ತೊಯ್ದ ರೊಟ್ಟಿಯಂತೆ ಜೋಲಿತು, ಮೇಲೆಲ್ಲ ಕಪ್ಪು ಕಪ್ಪು ಮಚ್ಚೆ. ಎರಡನೆಯದಕ್ಕೆ ಚರ್ಮವನ್ನು ಮುಂಜಾನೆಯ ಬಿಸಿಲಿಗೆ ಹಾಕಿ ಬೆಚ್ಚಗೆ ಮಾಡಿಕೊಂಡೆವು. ಎಣ್ಣೆಯನ್ನು ಒಳಮೈಗೆ ಮಾತ್ರ, ಬಟ್ಟೆಯಿಂದ ತೆಳ್ಳಗೆ ಸವರಿ, ಸುತ್ತಿ ಮಾರನೆಯ ದಿನದವರೆಗೆ ಬಿಟ್ಟೆವು. ಎಣ್ಣೆ ತಾನಾಗಿ ಮೇಲ್ಮೈಗೆ ಬಂದಿತ್ತು, ಜೇನಿನ ಬಣ್ಣ ತಿರುಗಿತ್ತು. ಮಡಚಿದರೆ ತಿಳಿಯಾಗಿ, ಬಿಟ್ಟರೆ ಕೂಡಿಕೊಂಡಿತು. ಆಪಾ ಅದನ್ನು ಕೆನ್ನೆಗೆ ಒತ್ತಿಕೊಂಡರು. ಹಳೆಯ ಚರ್ಮದ ಚೂರು ಒಂದೂ ಉಳಿಯದಂತೆ ಕೋಣೆ ತೊಳೆದು, ಉಪಕರಣಗಳನ್ನು ಕುದಿನೀರಿನಲ್ಲಿ ತಿಕ್ಕಿ ಒರೆಸಿದೆ.

ಆಪಾ ಅವರ ಕೈಯ ಉರಿ ತಣ್ಣಗಾಯಿತು. ಗೆದ್ದೆವು ಎಂದುಕೊಂಡೆವು. ರಾಮದುರ್ಗದ ತರಗತಿ ಶುರುವಾದದ್ದು ಆ ದಿನಗಳಲ್ಲಿ.

ಸವದತ್ತಿಯಲ್ಲಿ ಬಸ್ಸು ಬದಲಿಸಿ ಹೋಗುತ್ತಿದ್ದೆವು. ಮೊದಲು ಕೀಲಿಪಟ್ಟಿ, ಆಮೇಲೆ ಒಂದೇ ಮಡಿಕೆಯ ಕಾರ್ಡಿನ ಚೀಲ, ಕೊನೆಗೆ ಕನ್ನಡಕದ ಚೀಲ, ಹೀಗೆ ಮಾಡಿಸಿದೆವು. ನಾನು ಕರಿಹಲಗೆಯ ಮೇಲೆ ಬರೆದು ವಿವರಿಸಿದ್ದು ಹೆಣ್ಣುಮಕ್ಕಳಿಗೆ ಅಷ್ಟಕ್ಕಷ್ಟೇ. ಆಪಾ ಒಬ್ಬೊಬ್ಬರ ಹಿಂದೆ ಕುಳಿತು, ಅವರ ಕೈಯ ಮೇಲೆ ತಮ್ಮ ಕೈಯಿಟ್ಟು ಎಳೆಸುತ್ತಿದ್ದರು. "ಇಷ್ಟ ಸಾಕವ್ವಾ, ಕುತ್ತಿಗಿ ಹಿಸುಕಬ್ಯಾಡ ಅದರದ," ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು, ಸಾಲು ನೆಟ್ಟಗಾಗುತ್ತಿತ್ತು.

ತಂದಿದ್ದ ಚರ್ಮ ಮುಗಿದು ಹುಬ್ಬಳ್ಳಿಯಿಂದ ಹೊಸದು ಬಂತು. ಅಂಚು ಕೊಯ್ದು ನೋಡಿದೆ, ಒಂದೇ ಕಂದು. ನಾವೇ ಎಣ್ಣೆ ಊಡಿಸಿದೆವು. ಕೆಲವು ದಿನಗಳಾದ ಮೇಲೆ ಆಪಾ ಎರಡೂ ಕೈ ತುಂಬ ಮೆಹಂದಿ ಹಾಕಿಕೊಂಡು ಬಂದರು. ಯಾರ ಮದುವೆ ಎಂದು ಕೇಳಿದೆ. "ಸುಮ್ನ ಆಸೆ ಆತ್ರಿ," ಎಂದು ನಕ್ಕರು. ಒಂದು ಮಧ್ಯಾಹ್ನ ತರಗತಿಯಲ್ಲಿ ಒಬ್ಬಾಕೆ ಚೀರಿದಳು. "ಆಪಾ, ನಿಮ್ಮ ಕೈಯಾಗ ರಕ್ತ ಬರಾಕ್ಹತ್ತೈತ್ರಿ!" ಆಕೆಯ ಕೈಯ ಮೇಲಿದ್ದ ಆಪಾ ಅವರ ಬೆರಳು ಮೆಹಂದಿಯ ಗೆರೆಯ ನಡುವೆ ಸೀಳಿತ್ತು. ಆಪಾ ಗಡಿಬಿಡಿಯಿಂದ ಸೆರಗಿನಲ್ಲಿ ಕೈ ಮುಚ್ಚಿಕೊಂಡು, ಆರಿ ಚುಚ್ಚಿತು ಎಂದರು. ತೂತು ಮಾಡುವ ಆರಿ ಅವರ ಹತ್ತಿರವಿರಲಿಲ್ಲ, ನನ್ನ ಮುಂದೆಯೇ ಇತ್ತು.

ಆ ಚರ್ಮದ ಒಂದು ತುಂಡನ್ನು ಅಂಗಳದಲ್ಲಿ ಸುಟ್ಟು ನೋಡಿದೆ. ಬೂದಿ ಹಸಿರು ತಿರುಗಿತು, ಅದು ಕ್ರೋಮಿಯಂನ ಗುರುತು. ಹುಬ್ಬಳ್ಳಿಗೆ ಫೋನ್ ಮಾಡಿದರೆ ವ್ಯಾಪಾರಿ ಮುಚ್ಚುಮರೆಯಿಲ್ಲದೆ, "ತೊಗಟಿದ ಐತ್ರಿ. ಮ್ಯಾಲೆ ಸ್ವಲ್ಪ ಕ್ರೋಮ್ ಕೊಟ್ಟಿರ್ತಾರ, ಮೆತ್ತಗಾಗಲಿ ಅಂತ. ಈಗೆಲ್ಲಾ ಹಂಗರಿ, ಯಾರೂ ಕೇಳಂಗಿಲ್ಲ," ಎಂದ. ಅಪ್ಪಟ ತೊಗಟೆಯದು ಬೇಕೆಂದರೆ ಬಂದಾಗ ಬಂತು, ಪ್ರತಿ ಹಾಳೆಗೂ ಹೊಣೆ ಹೊರಲಾಗದು ಎಂದೂ ಹೇಳಿದ.

ಮಾರನೆಯ ದಿನ ಆಪಾ ಬರುವ ಮೊದಲೇ ಅವರ ಗಂಡ ಕೋಣೆಗೆ ಬಂದರು. ಕಿತ್ತೂರ ಹತ್ತಿರದ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಲಾರಿಯ ಡ್ರೈವರು. ಒಳಗೆ ಕೂಡಲಿಲ್ಲ, ಹೊಸ್ತಿಲಲ್ಲೇ ನಿಂತರು.

"ಅಕ್ಕೋರ, ಆಕಿ ಕೈ ನೋಡೀರಿಲ್ಲೋ? ಹಿಟ್ಟ ಮುಟ್ಟಾಕ ಆಗವಲ್ದು. ಬಿಸಿನೀರ ಹಾಕಿದ್ರ ಅಳತಾಳ. ರೊಟ್ಟಿ ಬಡಿಯೂದ ನಾನ ಕಲತೇನ್ರಿ, ಅದೇನ ದೊಡ್ಡದಲ್ಲ. ಕೈಯಾಗ ಕೀವ ಆಗೈತಿ, ಜ್ವರ ಬರ್ತಾವು. ಹೋಗಬ್ಯಾಡ ಅಂದ್ರ ಕೇಳಂಗಿಲ್ಲ. ನೀವ ಒಂದ ಮಾತ ಹೇಳ್ರಿ."

"ನಾ ಹೇಳಿದ್ರ ಮನಸಿಗೆ ಭಾಳ ಹಚ್ಚಿಕೊಳ್ತಾರ್ರೀ," ಎಂದೆ.

"ಹಚ್ಚಿಕೊಳ್ಳಲಿ ಬಿಡ್ರಿ. ಕೈ ಉಳೀಲಿ."

ಇಡೀ ದಿನ ಬೇರೆ ದಾರಿ ಹುಡುಕಿದೆ. ಆಪಾ ಬಾಯಿಂದ ಹೇಳಿ ಕಲಿಸಲಿ, ನಾನು ಕೈಯಿಂದ ಮಾಡುತ್ತೇನೆ ಎಂದುಕೊಂಡೆ. ಆದರೆ ಹೆಣ್ಣುಮಗಳೊಬ್ಬಳು ತಪ್ಪು ಎಳೆಯುತ್ತಿದ್ದರೆ ಆಪಾ ಕೈ ಕಟ್ಟಿ ಕೂಡುವವರಲ್ಲ. ಅಪ್ಪಟ ಚರ್ಮ ಬರುವವರೆಗೆ ಕಾಯುವುದು ಎಂದುಕೊಂಡೆ. ಬಂದದ್ದು ಅಪ್ಪಟವೆಂದು ತಿಳಿಯುವುದು ಹೇಗೆ? ಸುಟ್ಟ ತುಂಡು ಒಂದು ಹಾಳೆಯ ಸತ್ಯ ಹೇಳುತ್ತದೆ, ಪಕ್ಕದ ಹಾಳೆಯದನ್ನಲ್ಲ. ಉಳಿದವಕ್ಕೆಲ್ಲ ಆಪಾ ಅವರ ಬೆರಳೇ ಪರೀಕ್ಷೆಯಾಗಬೇಕಿತ್ತು.

ಆ ವಾರ ರಾಮದುರ್ಗದಿಂದ ಬರುವಾಗ ಸವದತ್ತಿ ಬಸ್ ನಿಲ್ದಾಣದಲ್ಲಿ ಬೈಲಹೊಂಗಲದ ಬಸ್ಸಿಗೆ ಕಾಯುತ್ತ ಕುಳಿತಿದ್ದೆವು. ದೇವಿಯ ಗುಡ್ಡಕ್ಕೆ ಹೋಗಿಬಂದವರ ಹಣೆಯ ತುಂಬ ಭಂಡಾರದ ಅರಿಶಿನ. ಆಪಾ ಮುಂದಿನ ಪಾಠದ ಮಾತಾಡುತ್ತಿದ್ದರು, ಇನ್ನು ಚಿಕ್ಕ ಕೈಚೀಲ ಹಿಡಿಯೋಣ, ಹುಡುಗಿಯರ ಕೈ ತಿರುಗಿದೆ ಎಂದು. ನಾನು ನಡುವೆ ಬಾಯಿ ಹಾಕಿದೆ.

"ಆಪಾ, ಮುಂದಿನ ವಾರ ನೀವು ಬರಬ್ಯಾಡ್ರಿ. ಕೋಣೀಗೂ ಬ್ಯಾಡ."

"ಯಾಕ? ಚರ್ಮ ಬಂದಿಲ್ಲೇನು?"

"ಚರ್ಮದ ಮಾತಲ್ರೀ. ನಿಮ್ಮ ಕೈದು. ಇದನ್ನ ಇನ್ನ ಬಿಟ್ಟುಬಿಡ್ರಿ."

"ಕೈ ನನ್ನವ್ರಿ ಅಕ್ಕೋರ. ಬ್ಯಾನಿನೂ ನಂದ. ನಾ ತಡಕೊಳ್ತೇನಿ, ನಿಮಗೇನ ತ್ರಾಸು?"

"ತಡಕೊಂಡಷ್ಟೂ ಹೆಚ್ಚಾಗತದ ಅಂತ ಡಾಕ್ಟರು ಹೇಳ್ಯಾರ. ನೀವೂ ಕೇಳೀರಿ."

"ಒಂದ ಕೆಲಸ ಬಂತು ನನಗ," ಎಂದರು. ದನಿ ಏರಲಿಲ್ಲ. "ಇಷ್ಟ ವರ್ಷದಾಗ ಒಂದ. ಅದನ್ನ ಕಲಿಸಿದವರೂ ನೀವ, ಬಿಡಸವರೂ ನೀವೇನ್ರಿ?"

ಅವರ ಕೈ ಹಿಡಿಯಲು ಹೋದೆ, ನೋಯುತ್ತದೆಂದು ನೆನಪಾಗಿ ತೋಳು ಹಿಡಿದೆ. ಬಿಡಿಸಿಕೊಂಡರು. ಬಸ್ಸು ಬಂತು. ಯಾವಾಗಲೂ ನನ್ನ ಪಕ್ಕದಲ್ಲೇ ಕೂಡುತ್ತಿದ್ದ ಆಪಾ ಮುಂದೆ ಹೋಗಿ ಚಾಲಕನ ಹಿಂದಿನ ಸೀಟಿನಲ್ಲಿ ಕುಳಿತರು. ದಾರಿಯುದ್ದಕ್ಕೂ ಅವರ ತಲೆಯ ಮೇಲಿನ ಸೆರಗು ಮಾತ್ರ ನನಗೆ ಕಾಣುತ್ತಿತ್ತು. ಬೈಲಹೊಂಗಲದಲ್ಲಿ ಇಳಿದು, ತಿರುಗಿ ನೋಡದೆ ದೊಡವಾಡದ ಬಸ್ಸು ಹತ್ತಿದರು.

ರಾಮದುರ್ಗದ ತರಗತಿಯನ್ನು ನಾನೊಬ್ಬಳೇ ಮುಗಿಸಿದೆ. ಆಪಾ ಎಲ್ಲಿ ಎಂದು ಹೆಣ್ಣುಮಕ್ಕಳು ಮೊದಲ ದಿನ ಕೇಳಿದರು. ಆರಾಮಿಲ್ಲ ಎಂದೆ. ಆಮೇಲೆ ನನ್ನ ಮುಖ ನೋಡಿ ಕೇಳುವುದನ್ನು ಬಿಟ್ಟರು. ಆಪಾ ಅವರಂತೆ ಕೈಯ ಮೇಲೆ ಕೈಯಿಟ್ಟು ಕಲಿಸಲು ಹೋದೆ, ನನ್ನ ಬಲಗೈಯ ಓರೆ ಹುಡುಗಿಯರ ಹೊಲಿಗೆಗೂ ಹತ್ತಿತು. ಕೊನೆಯ ದಿನ ಎಲ್ಲರೂ ತಾವು ಮಾಡಿದ್ದನ್ನು ಜಮಖಾನೆಯ ಮೇಲೆ ಸಾಲಾಗಿ ಇಟ್ಟಿದ್ದರು. ಅವುಗಳಲ್ಲಿ ಯಾವುದು ಆಪಾ ಇದ್ದಾಗ ಹೊಲಿದದ್ದು ಎಂದು ಯಾರೂ ಹೇಳದೆ ನನಗೆ ಗೊತ್ತಾಗುತ್ತಿತ್ತು.

ಆಪಾ ಅವರನ್ನು ಮಾತನಾಡಿಸುವ ಧೈರ್ಯ ಬರಲು ತಿಂಗಳುಗಳೇ ಹಿಡಿದವು. ಕಬ್ಬಿನ ಹಂಗಾಮು ಮುಗಿದ ಮೇಲೆ ದೊಡವಾಡಕ್ಕೆ ಹೋದೆ. ಬಾಗಿಲು ತೆಗೆದವರು ಆಪಾ ಅವರೇ. "ಬರ್ರಿ ಅಕ್ಕೋರ, ಕುಂದರ್ರಿ," ಎಂದು ಚಾಪೆ ಹಾಸಿದರು. ಚಹಾದ ಕಪ್ಪು ಕೊಡುವಾಗ ಕೈ ನೋಡಿದೆ. ನುಣ್ಣಗಾಗಿತ್ತು, ಒಂದು ಬಿರುಕೂ ಇರಲಿಲ್ಲ. ಸಂಗೊಳ್ಳಿಯ ಸಂಬಂಧಿಕರ ಮದುವೆ, ಎಮ್ಮೆ ಕರು ಹಾಕಿದ್ದು, ಗಂಡನಿಗೆ ಈಗ ರೊಟ್ಟಿ ತಮಗಿಂತ ತೆಳ್ಳಗೆ ಬರುವುದು, ಹೀಗೆ ಎಲ್ಲ ಮಾತಾಡಿದರು. ಕೋಣೆಯ ಸುದ್ದಿ ಕೇಳಲಿಲ್ಲ.

ನನ್ನ ಹೆಗಲಿನಲ್ಲಿ ಆ ತಿಂಗಳು ನಾನು ಹೊಲಿದಿದ್ದ ಚೀಲವಿತ್ತು. ಎಣ್ಣೆ ಚರ್ಮದ್ದೇ. ತರಬಾರದಿತ್ತು ಎಂದು ಅಲ್ಲಿ ಕುಳಿತ ಮೇಲೆ ಹೊಳೆಯಿತು. ಆಪಾ ಅವರ ಕಣ್ಣು ಮತ್ತೆ ಮತ್ತೆ ಅದರ ಕಡೆ ಹೋಗುತ್ತಿತ್ತು. ಒಮ್ಮೆ ಕೈ ಚಾಚಿದರು. ನಡುದಾರಿಯಲ್ಲೇ ಹಿಂತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡರು. ಆಮೇಲೆ ಕುಳಿತಲ್ಲಿಂದಲೇ ಬಗ್ಗಿ ನೋಡಿ ಹೇಳಿದರು:

"ಪಟ್ಟಿ ಹಚ್ಚೀರಲ್ಲ, ಅಲ್ಲಿಂದ ಮೂರನೇ ಹೊಲಿಗಿ ಸಡಲ ಐತಿ. ನಾಲ್ಕ ದಿನದಾಗ ಬಿಚ್ಚತೈತ್ರಿ."

ನೋಡಿದೆ. ಹೌದು, ಸಡಿಲವಿತ್ತು.

"ಇಲ್ಲೇ ಬಿಚ್ಚಿ ಹೊಲೀಲೇನ್ರಿ?" ಎಂದೆ. ಸೂಜಿ, ದಾರ ಚೀಲದಲ್ಲೇ ಇದ್ದವು.

"ಹೊಲೀರಿ. ನಾ ಹೇಳತೇನಿ."

ನಾನು ಸಾಲು ಬಿಚ್ಚಿ ಎರಡೂ ಸೂಜಿ ಪೋಣಿಸಿದೆ. ಆಪಾ ಹತ್ತಿರ ಸರಿದು, ಕೈಗಳನ್ನು ಕಂಕುಳಲ್ಲಿ ಅವಿತಿಟ್ಟುಕೊಂಡು ಕುಳಿತರು. "ಎಡಗೈದು ಮೊದಲ ಎಳೀರಿ... ಹಂ... ಬಲಗೈ ಸಾವಕಾಶ... ಅಷ್ಟ ಜಗ್ಗಬ್ಯಾಡ್ರಿ..." ಎನ್ನುತ್ತಿದ್ದರು. ಎರಡು ಹೊಲಿಗೆ ನೆಟ್ಟಗೆ ಬಂದವು. ಮೂರನೆಯದನ್ನು ಎಳೆಯುವಾಗ ಅವರ ದನಿ ನಿಂತಿತು. ತಲೆಯೆತ್ತುವಷ್ಟರಲ್ಲಿ ಎದ್ದು ಅಡುಗೆಮನೆಗೆ ಹೋಗಿದ್ದರು. ಒಳಗೆ ತಂಬಿಗೆಯಿಂದ ಮುಖಕ್ಕೆ ನೀರು ಹಾಕಿಕೊಳ್ಳುವ ಸದ್ದು ಬಹಳ ಹೊತ್ತು ಕೇಳಿಸಿತು.

ಉಳಿದದ್ದನ್ನು ನಾನೇ ಹೊಲಿದು, ಕೊನೆಯ ಗಂಟು ಹಾಕಿ, ದಾರ ಕತ್ತರಿಸಿ ಕುಳಿತೆ. ಬೈಲಹೊಂಗಲದ ಬಸ್ಸಿನ ಹಾರ್ನ್ ಕೇಳಿಸಿತು. "ಆಪಾ, ನಾ ಬರ್ಲೇನ್ರಿ?" ಎಂದು ಒಳಗೆ ಕೂಗಿದೆ.

"ಹೋಗಿ ಬರ್ರಿ," ಎಂದರು ಒಳಗಿನಿಂದಲೇ. ಹೊರಗೆ ಬರಲಿಲ್ಲ.